ನೀಲಿ ದಾರದ ಗಂಟು

ನಾನು ಕೊಯ್ಯುತ್ತಿದ್ದ ಹೆಣಕ್ಕೆ ಹೆಸರಿರಲಿಲ್ಲ. ಮೆಡಿಕಲ್ ಕಾಲೇಜಿನವರು ಅದರ ಕಾಲಿಗೆ ಹದಿನೇಳು ಎಂದು ಬರೆದ ಚೀಟಿ ಕಟ್ಟಿದ್ದರು.

ಅನ್ನನಾಳ ಸೀಳಿದಾಗ ಖುಷಿಯಿಂದ ಕೂಗಿಬಿಟ್ಟೆ. ಅನ್ನನಾಳದ ಕೆಳತುದಿಯ ರಕ್ತ ಸಿರೆಗಳಲ್ಲಿ ಹರಿದು ಲಿವರ್‌ಗೆ ಹೋಗಬೇಕು. ಲಿವರ್ ಗಟ್ಟಿಯಾದರೆ ರಕ್ತ ಹಿಂದಕ್ಕೆ ತಿರುಗುತ್ತದೆ, ಸಿರೆಗಳು ಉಬ್ಬುತ್ತವೆ, ಒಡೆದರೆ ಜೀವ ಹೋಗುತ್ತದೆ. ಪುಸ್ತಕದಲ್ಲಿ ಓದಿದ್ದು ಈಗ ಕಣ್ಣೆದುರಿಗಿತ್ತು: ಎರೆಹುಳುವಿನಷ್ಟು ದಪ್ಪದ ಐದು ಸಿರೆಗಳು. ನಮ್ಮೂರು ಬೋಡಿಯ ಏಲಕ್ಕಿ ಮಂಡಿಯಲ್ಲಿ ದುಡಿಯುವ, ಚೆನ್ನಾಗಿ ಕುಡಿಯುವ ನಮ್ಮಪ್ಪನಿಗೂ ಇದೇ ಕಾಯಿಲೆ. ಅಮ್ಮ ಕಲಿಸಿದ ಹೂ ಕಟ್ಟುವ ಗಂಟು ಹಾಕಿ ಗುರುತಿಗೆಂದು ಐದಕ್ಕೂ ನೀಲಿ ದಾರ ಬಿಗಿದೆ.

"ಏನ್‌ಡೀ ಸರಣ್ಯಾ, ಹೆಣಕ್ಕೆ ಮಲ್ಲಿಗೆ ಮುಡಿಸ್ತೀಯಾ?" ಎಂದು ಜೊತೆಗಾತಿ ಅಮುದಾ ನಕ್ಕಳು.

ಮರುದಿನ ಬೆಳಿಗ್ಗೆ ನೋಡಿದರೆ ಎರಡು ದಾರ ಇರಲಿಲ್ಲ. ದಾರವಿದ್ದ ಜಾಗ ಮುಟ್ಟಿದೆ, ಬೆಚ್ಚಗಿತ್ತು. ಫಾರ್ಮಲಿನ್ ನಾರುವ ಆ ಹಾಲ್‌ನಲ್ಲಿ ಏಲಕ್ಕಿ ಘಮಘಮಿಸುತ್ತಿತ್ತು.

ಅಷ್ಟರಲ್ಲಿ ಅಮ್ಮನ ಫೋನ್ ಬಂತು: ಅಪ್ಪ ನಸುಕಿನಲ್ಲೇ ರಕ್ತ ಕಾರಿದ್ದಾರೆ, ನಮ್ಮ ಕಾಲೇಜಿನ ಆಸ್ಪತ್ರೆಗೇ ತಂದಿದ್ದಾರೆ. ಆಸ್ಪತ್ರೆಗೆ ಓಡಿದೆ. ಡಾಕ್ಟರ್ ಆಗಲೇ ಬಾಯಿಯಿಂದ ಕ್ಯಾಮೆರಾ ಇಳಿಸಿ ನೋಡಿದ್ದರು.

"ರಕ್ತ ನಿಂತಿದೆ. ಒಡೆದ ಎರಡು ಸಿರೆಗಳನ್ನ ಮೊದಲೇ ಯಾರಮ್ಮಾ ಕಟ್ಟಿದ್ದು?" ಎಂದರು.

ಪರದೆಯ ಮೇಲೆ ನೀಲಿ ದಾರವಿತ್ತು. ಗಂಟು ನನ್ನದೇ. ನನಗೆ ನಗು ತಡೆಯಲಾಗಲಿಲ್ಲ.

ಅಪ್ಪ ಕಣ್ಣು ಬಿಟ್ಟರು. "ಸತ್ತಿಲ್ಲ ತಾಯೀ. ಯಾರೋ ಕೊರಳೊಳಗೆ ತಣ್ಣನೆ ಕೈ ಇಟ್ಟಂಗಾಯ್ತು, ಅಷ್ಟೇ."

ಹೆಣಕ್ಕೆ ನಾನು ಕಟ್ಟಿದ್ದು ಐದು ದಾರ. ಅದರಲ್ಲಿ ಈಗಲೂ ಮೂರಿವೆ. ಕಳೆದುಹೋದದ್ದು ಎರಡು.