ಹಿಂಡಿ ಪೊಟ್ಟಣದ ಸೊಟ್ಟ ಗೆರೆ

ಮಾನ್ವಿ ಸಂತೆಯಲ್ಲಿ ನಲವತ್ತು ನಕಲಿ ಪೊಟ್ಟಣ ಸಿಕ್ಕವು. ಒಳಗೆ ಶೇಂಗಾ ಹಿಂಡಿ, ಅಂದರೆ ಕುಟ್ಟಿದ ಚಟ್ನಿಪುಡಿ. ರುಚಿಯ ಬಗ್ಗೆ ಯಾರ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ಹೊದಿಕೆಯದು. ಅಸಲಿ ಪೊಟ್ಟಣವೆಂದರೆ ಕರಿ ಬಟ್ಟೆಯ ಪುಟ್ಟ ಚೀಲ, ಬಾಯಿಗೆ ಉಣ್ಣೆ ದಾರ. ಮೇಲೆ ಕೆಂಪು ಬಣ್ಣದಲ್ಲಿ ಎರಡು ಗೆರೆ, ಒಂದು ದುಂಡು ಚುಕ್ಕಿ, ಕೆಳಗೊಂದು ಸೊಟ್ಟ ಗೆರೆ.

ಅದು ರಾಯಚೂರಿನ ಪ್ರಭುರಾಜನ ಕಂಪನಿಯ ಪೊಟ್ಟಣ. ಹೋದ ತಿಂಗಳಷ್ಟೇ ಅದಕ್ಕೆ ಪ್ರಶಸ್ತಿ ಬಂದಿತ್ತು. ಆ ಸಮಾರಂಭಕ್ಕೆ ಮಾನ್ವಿಯ ಪಿಎಸ್‌ಐ ಕನಕರಾಜನೂ ಅತಿಥಿ. "ಪೊಟ್ಟಣ ಅಂದ್ರ ಹಿಂಗಿರಬೇಕು. ಕೈಯಾಗ ಹಿಡಿದ್ರ ಇಳಿಸಾಕ ಮನಸಾಗಂಗಿಲ್ಲ" ಎಂದು ಮೈಕಿನಲ್ಲಿ ಹೊಗಳಿ ಬಂದಿದ್ದ. ಈಗ ಪ್ರಭುರಾಜನ ದೂರಿನ ಮೇಲೆ ಸಂತೆಗೆ ಬಂದವನೂ ಅವನೇ.

ಮಾರುತ್ತಿದ್ದವಳು ದೇವದುರ್ಗ ಕಡೆಯ ಕುರಿಗಾರ ಮುದುಕಿ ಬಾಲಮ್ಮ.

"ಯಾರದು ಕದ್ದಿ ಬೇ ಇದನ್ನ?" ಕನಕರಾಜ ಗದರಿದ.

"ಯಪ್ಪಾ, ಇದು ನಮ್ಮ ಮನೀದು. ಯಾರದೂ ಕದ್ದಿಲ್ಲ."

"ಕಳ್ಳಿ! ಮ್ಯಾಲ ಸುಳ್ಳು ಬ್ಯಾರೆ!"

ಇಡೀ ಸಂತೆ ಕೇಳಿಸಿಕೊಂಡಿತು. ಪೊಲೀಸರು ಬುಟ್ಟಿ ಎತ್ತಿದರು. ಹನ್ನೆರಡು ವರ್ಷ ಬಾಲಮ್ಮನ ಮಗ್ಗುಲಲ್ಲೇ ಕುಳಿತು ಮೆಣಸಿನಕಾಯಿ ಮಾರಿದ ಮಹಬೂಬೀ ತನ್ನ ಚೀಲವನ್ನು ಅತ್ತ ಸರಿಸಿಕೊಂಡಳು. "ಇನ್ನ ಮ್ಯಾಲ ಇಲ್ಲಿ ಕೂಡಬ್ಯಾಡವ್ವಾ" ಎಂದಳು.

*

"ಪ್ರೆಸ್ಸಿನ ಮೌನೇಶನ ಮ್ಯಾಲ ಅನುಮಾನ ಅದ ಸರ್. ನಮ್ಮ ಪೊಟ್ಟಣದ ಅಚ್ಚು ಅವನ ಕೈಯಾಗ ಇತ್ತು" ಎಂದ ಪ್ರಭುರಾಜ.

ಹಿರೇಕೊಟ್ನೆಕಲ್‌ನ ಮೌನೇಶನನ್ನು ಅರ್ಧ ದಿನ ಠಾಣೆಯಲ್ಲಿ ಕೂರಿಸಿದ್ದಾಯಿತು. ಅವನು ಅಳಲಿಲ್ಲ, ಬೈಯಲಿಲ್ಲ. ಮೇಜಿನ ಮೇಲಿದ್ದ ಪೊಟ್ಟಣಗಳನ್ನು ತಿರುಗಿಸಿ ತಿರುಗಿಸಿ ನೋಡಿದ.

"ಸಾಹೇಬ್ರ, ಅಚ್ಚಿನ್ಯಾಗ ಹೊಡೆದ್ರ ಎಲ್ಲಾ ಒಂದ ನಮೂನಿ ಬರ್ತಾವ. ಇವು ಒಂದಕ್ಕೊಂದು ಕೂಡಂಗಿಲ್ಲ. ಬೊಟ್ಟಿಲೆ ಬರೆದದ್ದು. ಮತ್ತ ಈ ಸೊಟ್ಟ ಗೆರಿ ನೋಡ್ರಿ, ಎಲ್ಲಾದಕ್ಕೂ ಇಲ್ಲ."

ಕನಕರಾಜ ಎಣಿಸಿದ. ಸೊಟ್ಟ ಗೆರೆ ಇದ್ದವು ಹತ್ತೊಂಬತ್ತು. ಇಲ್ಲದವು ಇಪ್ಪತ್ತೊಂದು. ನಕಲು ಮಾಡುವವನು ಅರ್ಧ ನಕಲು ಮಾಡಿ ಯಾಕೆ ಬಿಡುತ್ತಾನೆ? ಪ್ರಭುರಾಜನಿಗೆ ಫೋನ್ ಹಚ್ಚಿದ.

"ಆ ಸೊಟ್ಟ ಗೆರಿ ಏನ್ರಿ?"

"ಕೃಷ್ಣಾ ನದಿ ಸರ್! ಸ್ಟೇಜ್ ಮ್ಯಾಲ ಹೇಳಿದ್ನಲ್ಲ."

"ಮ್ಯಾಲಿನ ಎರಡು ಗೆರಿ, ಚುಕ್ಕಿ?"

"ಅವು... ಡಿಸೈನ್ ಸರ್."

*

ಬಾಲಮ್ಮನ ಅಂಗಳಕ್ಕೆ ಕನಕರಾಜ ಹೋದಾಗ ಕುರಿಗಳು ಹಟ್ಟಿಗೆ ತಿರುಗುತ್ತಿದ್ದವು. ಹಲ್ಲುದುರಿದ ಮುದಿ ಕುರಿಯೊಂದು ಅವನ ಬೂಟು ಮೂಸಿತು. ಅದರ ಎಡಗಿವಿಯಲ್ಲಿ ಎರಡು ಸೀಳು. ಬಲಗಿವಿಯಲ್ಲಿ ದುಂಡು ತೂತು. ಗಾಯ ಮಾಗಿ ಎಷ್ಟೋ ವರ್ಷವಾಗಿತ್ತು. ಪೊಟ್ಟಣದ ಮೇಲಿನ ಅದೇ ಎರಡು ಗೆರೆ, ಅದೇ ಚುಕ್ಕಿ. ಹಿಂಡು ಹಿಂಡು ಕೂಡಿಕೊಂಡರೆ ಬೇರ್ಪಡಿಸಲು ಮನೆಗೊಂದು ಗುರುತು ಇರುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಸೊಟ್ಟ ಗೆರಿ ಯಾತಕ್ಕವ್ವಾ?" ದನಿ ಇಳಿದಿತ್ತು.

"ನನ್ನ ಮಗಳು ದೇವಿಕಾನ ಪಾಲಿನ ಕುರಿಗೆ ಬಣ್ಣದಾಗ ಎಳೀತೀವಿ. ಆಕಿ ಕುಟ್ಟಿದ ಹಿಂಡಿಗೂ ಹಂಗ. ಯಾರು ಕುಟ್ಟಿದ್ದು ಅಂತ ತಿಳೀಬೇಕಲ್ಲ ಯಪ್ಪಾ."

*

ಮರುದಿನ ಪ್ರಭುರಾಜ ನಗುತ್ತ ಠಾಣೆಗೆ ಬಂದ. ಕನಕರಾಜ ನಗಲಿಲ್ಲ.

"ನಿಮ್ಮ ಪೊಟ್ಟಣ ಬಂದು ನಾಕು ತಿಂಗಳಾತು. ಆ ಮುದುಕಿ ಕುರಿ ಕಿವಿಗೆ ಇದ ಗುರುತು ಸೀಳಿ ಏಳೆಂಟು ವರ್ಷ ಆಗ್ಯಾವ. ಮುದುಕಿ ನಿಮ್ಮದು ನೋಡಿ ಬರೆದಿಲ್ಲ. ಸೊಟ್ಟ ಗೆರಿ ಆಕಿ ಮಗಳ ಗುರುತು. ನಿಮ್ಮ ಕೈಗೆ ಸಿಕ್ಕದ್ದು ಮಗಳ ಪೊಟ್ಟಣ ಒಂದ. ಹಂಗಾಗಿ ಎಲ್ಲಾದಕ್ಕೂ ಆ ಗೆರಿ ಎಳೆದು, ನದಿ ಅಂತ ಹೆಸರಿಟ್ರಿ."

ಪ್ರಭುರಾಜನ ಮುಖ ಕಪ್ಪಿಟ್ಟಿತು. "ದೇವದುರ್ಗ ಬಸ್ ಸ್ಟ್ಯಾಂಡಿನ್ಯಾಗ ತಗೊಂಡಿದ್ದೆ ಸರ್. ಭಾಳ ಚಂದ ಕಂಡಿತ್ತು. ನೀವ ಹೊಗಳಿದ್ರಲ್ಲ?"

ಹೌದು, ಹೊಗಳಿದ್ದ. ಕನಕರಾಜ ಕುರಿಗಾರನ ಮಗ. ಠಾಣೆಯಲ್ಲಿ ಒಬ್ಬರಿಗೂ ಅದು ಗೊತ್ತಿಲ್ಲ, ಗೊತ್ತಾಗದಂತೆ ನೋಡಿಕೊಂಡಿದ್ದ. ಪ್ರಶಸ್ತಿಯ ದಿನ 'ಇದು ಕುರಿ ಗುರುತಿನಂಗ ಅದ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ನಿನಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳುತ್ತಾರೆ. ನುಂಗಿಕೊಂಡು ಚಪ್ಪಾಳೆ ತಟ್ಟಿದ್ದ. ಪ್ರಭುರಾಜ ಏನೆಂದು ತಿಳಿಯದೆ ಕದ್ದ. ತಾನು ತಿಳಿದೂ ಬಾಯಿ ಮುಚ್ಚಿಕೊಂಡಿದ್ದ, ಮೇಲೆ ಒಡತಿಯನ್ನೇ ಕಳ್ಳಿ ಅಂದಿದ್ದ.

ಪ್ರಭುರಾಜನ ಮೇಲೆ ಸುಳ್ಳು ದೂರಿನ ಕೇಸು ಬರೆಸಿ, ಬುಟ್ಟಿ ಹಿಡಿದು ದೇವದುರ್ಗಕ್ಕೆ ಹೊರಟ.

ಬಾಲಮ್ಮ ಬುಟ್ಟಿ ಮುಟ್ಟಲಿಲ್ಲ. "ಕಳ್ಳಿ ಅಂದದ್ದು ಸಂತ್ಯಾಗ. ಇಲ್ಲಿ ತಂದುಕೊಟ್ರ ಹೆಂಗ್ರಿ ಸಾಹೇಬ್ರ?"

*

ಮುಂದಿನ ಸಂತೆಯ ದಿನ ಕನಕರಾಜ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ.

"ಈಕಿ ಕದ್ದಿಲ್ಲ. ತಪ್ಪು ನನ್ನದು. ನಾನೂ ಕುರಿಗಾರರ ಮನಿಯವ. ಗುರುತು ಕಂಡೂ ಸುಮ್ಮನಿದ್ದೆ."

ಮಹಬೂಬೀ ಚೀಲ ಸರಿಸಿ ಜಾಗ ಮಾಡಿದಳು. ಬಾಲಮ್ಮ ಕುಳಿತು, ಬುಟ್ಟಿಯ ಬಟ್ಟೆ ಸರಿಸಿದಳು. ಆಮೇಲೆ ತಲೆ ಎತ್ತಿ, ನಂಟಸ್ತಿಕೆ ಹುಡುಕುವವಳಂತೆ ಅಕ್ಕರೆಯಿಂದ ಕೇಳಿದಳು:

"ಹೌದೇನಪ್ಪಾ? ನಿಮ್ಮ ಮನಿ ಗುರುತು ಯಾವುದು?"

ಕನಕರಾಜ ಬಾಯಿ ತೆರೆದ. ಸಂತೆಗೆ ಸಂತೆಯೇ ಕಾಯುತ್ತಿತ್ತು. ಎಷ್ಟು ತಡಕಾಡಿದರೂ ಅವನಿಗೆ ನೆನಪಾಗಲಿಲ್ಲ.