ಐದು ಅರವತ್ತು, ಹದಿಮೂರು

“ತಳ್ಳು ಯಲ್ಲಯ್ಯ, ಇನ್ನೊಂದು ಗೇಣು. ಹಾಂ, ನಿಲ್ಸು.”

ಹೆರಾಲ್ಡ್ ಕಾರಿನ ಹಿಂದಿನ ಚಕ್ರ ಒಂದು ಪೂರ್ತಿ ಸುತ್ತು ಉರುಳಿತು. ಟೈರಿನ ಮೇಲೆ ಎಳೆದಿದ್ದ ಚಾಕ್ ಗೆರೆ ಮತ್ತೆ ನೆಲಕ್ಕೆ ಬಂತು. ಉಮಾಮಹೇಶ್ವರಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸಿಮೆಂಟ್ ನೆಲದ ಮೇಲೆ ಮೊಣಕಾಲೂರಿ, ಅಲ್ಲೊಂದು ಗುರುತು ಹಾಕಿದಳು. ಹಾಕಿದ ರಭಸಕ್ಕೆ ಚಾಕ್ ಮುರಿದು ಎರಡಾಯಿತು.

“ಚಾಕ್ ಏನ್ ತಪ್ಪು ಮಾಡ್ತು?” ಎಂದ ಯೋಗನರಸಿಂಹ.

ಅವಳು ತಲೆಯೆತ್ತಲಿಲ್ಲ. ಎರಡು ಗುರುತುಗಳ ನಡುವೆ ದರ್ಜಿಯ ಟೇಪ್ ಹಾಸಿ ಓದಿದಳು. “ನಿಮ್ಮ ಹಳೇ ಟೈರಿಗಿಂತ ಎರಡೂವರೆ ಇಂಚು ಜಾಸ್ತಿ. ಒಂದೊಂದು ಸುತ್ತಿಗೂ. ಕಾರಿನ ಮೀಟರ್‌ಗೆ ಇದು ಗೊತ್ತಾಗಲ್ಲ. ನೀವು ಮೂವತ್ತೊಂದು ಕಿಲೋಮೀಟರ್ ಬಂದಿದ್ರೆ ಅದು ಮೂವತ್ತು ಅನ್ನುತ್ತೆ.”

“ಹಾಗಾದ್ರೆ ಗುಬ್ಬಿ ತುಮಕೂರಿಗೆ ಹತ್ತಿರ ಬಂದಂಗಾಯ್ತು.”

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದಳು. ನಗು ತಡೆಯಲು ತುಟಿ ಕಚ್ಚಿಕೊಳ್ಳುತ್ತಿದ್ದಳು, ಅವನು ಅದನ್ನು ಕನ್ನಡಕದ ಮೇಲಿಂದ ನೋಡುತ್ತಿದ್ದ, ನೋಡಿದ್ದು ಅವಳಿಗೆ ಗೊತ್ತಾಗಿ ಕಿವಿ ಬಿಸಿಯಾಗುತ್ತಿತ್ತು. ಎಂಟು ತಿಂಗಳಿಂದ ಪ್ರತಿ ಶನಿವಾರ ಇದೇ ನಡೆದಿತ್ತು. ಅವನು ಗುಬ್ಬಿಯ ಹೈಸ್ಕೂಲಿನಲ್ಲಿ ಫಿಸಿಕ್ಸ್ ಮೇಷ್ಟ್ರು. ತೀರಿಕೊಂಡ ಡಾಕ್ಟರೊಬ್ಬರ ಮನೆಯಿಂದ ಈ ಹಳೆಯ ಕಾರನ್ನು ಕೊಂಡಿದ್ದ. ಶನಿವಾರ ಶಾಲೆ ಮುಗಿದರೆ ಸಾಕು, ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಅವಳ ಅಪ್ಪನ ಈ ಟೈರ್ ಅಂಗಡಿಯ ಮುಂದೆ ಬಂದು ನಿಲ್ಲುತ್ತಿದ್ದ. ಗಾಳಿ ನೋಡಬೇಕಂತೆ.

“ವಾರಕ್ಕೊಂದ್ಸಲ ಯಾವ ಟೈರೂ ಇಷ್ಟು ಇಳಿಯಲ್ಲ ಮೇಷ್ಟ್ರೇ,” ಎಂದು ಅವಳು ಒಮ್ಮೆ ಕೇಳಿದ್ದಳು. “ಎಲ್ಲಿ ಬಿಟ್ಟು ಬರ್ತೀರಿ?”

“ಮಲ್ಲಸಂದ್ರದ ಹತ್ರ,” ಎಂದಿದ್ದ ಅವನು, ತಲೆ ತಗ್ಗಿಸಿ. “ಪೆನ್ಸಿಲ್ ತುದಿಯಿಂದ ವಾಲ್ವ್ ಒತ್ತಿ. ಸ್ವಲ್ಪವೇ.”

ಆ ರಾತ್ರಿ ಅವಳಿಗೆ ನಿದ್ದೆ ಬಂದಿರಲಿಲ್ಲ. ರಸ್ತೆ ಬದಿ ಕುಕ್ಕರಗಾಲಲ್ಲಿ ಕೂತು, ಪೆನ್ಸಿಲ್ ಹಿಡಿದು, ಉಸ್ಸೆಂದು ತನ್ನ ಕಾರಿನ ಗಾಳಿಯನ್ನೇ ಬಿಡುವ ಗಂಡಸು. ಅಂಥವನನ್ನು ಯಾರು ಮರೆಯುತ್ತಾರೆ?

ಆದರೆ ಈ ದಿನ ಬೆಳಿಗ್ಗೆ ಅವನ ಸೋದರಮಾವನ ಹೆಂಡತಿ ಅಲಮೇಲಮ್ಮ ಬಂದಿದ್ದರು. ಚಿಕ್ಕಪೇಟೆಯ ಮನೆಯಿಂದ ಹೂವು ತರಲು ಹೊರಟವರು ಅಂಗಡಿಯ ಮುಂದೆ ನಿಂತು, ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, ಹೇಳಿದ್ದರು: “ನಮ್ಮ ಯೋಗಿ ಕಾರಿಗೆ ಟೈರು ಗಟ್ಟಿಯಾಗಿ ಹಾಕಮ್ಮ. ನಾಳೆ ಭಾನುವಾರ ಕುಣಿಗಲ್ಲಿಗೆ ಹೆಣ್ಣು ನೋಡೋಕೆ ಹೋಗ್ತಿದೀವಿ. ಐದು ಜನ. ನಾನೂ ಸ್ವಲ್ಪ ದಪ್ಪ ನೋಡು.”

ಹೇಳಿ ನಕ್ಕು ಹೋದರು. ಅಂಗಡಿಯ ಆಳು ಯಲ್ಲಯ್ಯ ಪಂಕ್ಚರ್ ಟ್ಯೂಬನ್ನು ತೊಟ್ಟಿಯಲ್ಲಿ ಮುಳುಗಿಸಿದ್ದವನು ಹಾಗೇ ಹಿಡಿದುಕೊಂಡು ಕೂತಿದ್ದ. ಗುಳ್ಳೆ ಎದ್ದು ಎದ್ದು ನಿಂತರೂ ಮೇಲೆತ್ತಲಿಲ್ಲ.

ಹೆಣ್ಣು ನೋಡಲು ಹೋಗುವುದು ತಪ್ಪಲ್ಲ. ಅವರು ಮಡಿ ಮಾಡುವ ಮನೆಯವರು, ಇವಳು ಕೊರಳಲ್ಲಿ ಲಿಂಗ ಕಟ್ಟಿದವಳು, ಕೈಗೆ ಗ್ರೀಸು ಮೆತ್ತಿಕೊಂಡವಳು. ಅವನು ಏನನ್ನೂ ಹೇಳಿರಲಿಲ್ಲ, ಇವಳು ಏನನ್ನೂ ಕೇಳಿರಲಿಲ್ಲ. ಅಷ್ಟೆಲ್ಲ ಲೆಕ್ಕ ಹಾಕಿ ಅವಳು ಬೆಳಗಿನಿಂದ ಸಿಟ್ಟನ್ನು ಹತ್ತಿಕ್ಕಿಕೊಂಡೇ ಇದ್ದಳು. ಅವನ ಬಾಯಿಂದಲೇ ಕೇಳಿದರೆ ಸಾಕು, ಸಿಟ್ಟು ಇಳಿದೀತು ಎಂದುಕೊಂಡಿದ್ದಳು.

ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಎದ್ದು ನಿಂತಳು. ಈ ಕಾರಿಗೆ ಕಂಪನಿ ಕೊಟ್ಟ ಸೈಜು ಐದು ಇಪ್ಪತ್ತು, ಹದಿಮೂರು: ಮೊದಲಿನದು ಇಂಚಿನ ಲೆಕ್ಕದಲ್ಲಿ ಟೈರಿನ ಅಗಲ, ಆಮೇಲಿನದು ರಿಮ್ಮಿನ ಅಡ್ಡಳತೆ. ಕಾರು ತಯಾರಾಗುವುದೇ ನಿಂತು ವರ್ಷಗಳಾಗಿತ್ತು. ಆ ಸೈಜಿನ ಟೈರು ತುಮಕೂರಿನಲ್ಲಿರಲಿ, ಬೆಂಗಳೂರಿನಲ್ಲೂ ಸಿಕ್ಕಿರಲಿಲ್ಲ. ಫಿಯೆಟ್‌ನದು ಹಾಕಿ ಎಂದಿದ್ದ ಅವನು. ಅದು ಹದಿನಾಲ್ಕರ ರಿಮ್ಮಿನದು, ನಿಮ್ಮದು ಹದಿಮೂರು, ಅಣ್ಣನ ಶರ್ಟು ತಮ್ಮನಿಗೆ ಹಾಕಿದಂತಲ್ಲ ಇದು ಎಂದು ಅವಳು ಬೈದಿದ್ದಳು. ಹದಿಮೂರರಲ್ಲೇ ಆರು ಇಂಚು ಅಗಲದ ಒಂದು ಜೊತೆ ಇತ್ತು. ಅದು ಈ ಕಿರಿದಾದ ರಿಮ್ಮಿನ ಮೇಲೆ ಕೂತರೂ ತಿರುವಿನಲ್ಲಿ ಹೊಟ್ಟೆ ಹೊರಳಿಸುತ್ತಿತ್ತು. ಉಳಿದದ್ದು ಐದು ಅರವತ್ತು. ಸ್ವಲ್ಪ ದಪ್ಪ, ಸ್ವಲ್ಪ ಎತ್ತರ. ರಿಮ್ಮಿಗೆ ಒಗ್ಗುತ್ತದೆ. ಒಂದೇ ತೊಂದರೆ: ಈ ಕಾರಿನ ಹಿಂದಿನ ಸೀಟಿನಲ್ಲಿ ಜನ ಕೂತರೆ ಹಿಂಭಾಗ ಕುಸಿದು ಚಕ್ರಗಳು ಒಳಕ್ಕೆ ವಾಲುತ್ತವೆ. ಆಗ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಎಂಬುದೇ ಪ್ರಶ್ನೆ.

“ನಾಳೆ ಎಷ್ಟು ಜನ ಹೋಗ್ತೀರಿ?” ಎಂದು ಕೇಳಿದಳು. ಗೊತ್ತಿದ್ದೂ ಕೇಳಿದಳು. ನಿಜ ಹೇಳಲಿ ಎಂದೇ ಕೇಳಿದಳು.

ಯೋಗನರಸಿಂಹ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ. ಒರೆಸುವಷ್ಟು ಧೂಳು ಅದರ ಮೇಲೆ ಇರಲಿಲ್ಲ.

“ಅಮ್ಮ, ನಾನು. ಇಬ್ರೇ.”

“ಎಲ್ಲಿಗೆ?”

“ಯಡಿಯೂರಿಗೆ. ಅಮ್ಮಂದು ಒಂದು ಹರಕೆ ಇತ್ತು. ಸಿದ್ಧಲಿಂಗೇಶ್ವರನ ದರ್ಶನ ಮಾಡ್ಕೊಂಡು ಬರ್ತೀವಿ.”

ಅವಳ ಮನೆದೇವರು. ಸುಳ್ಳು ಹೇಳಲು ಅವನಿಗೆ ಬೇರೆ ದೇವರೇ ಸಿಗಲಿಲ್ಲವೇ?

ಹತ್ತಿಕ್ಕಿದ್ದ ಸಿಟ್ಟು ಒಮ್ಮೆಗೇ ಬುಗ್ಗೆಂದಿತು. ಮುಖ ಮಾತ್ರ ತಣ್ಣಗಿತ್ತು.

“ಅವ್ವಾ, ಮೂಟೆ ತರ್ಲಾ?” ಎಂದ ಯಲ್ಲಯ್ಯ.

ಅದು ಅಂಗಡಿಯ ನೇಮ. ಕಂಪನಿಯದಲ್ಲದ ಸೈಜು ಹಾಕಿದ ಯಾವ ಕಾರೂ ಮೂಟೆ ಹೊರದೆ ಹೊರಗೆ ಹೋಗುವಂತಿರಲಿಲ್ಲ. ಹರಿದ ಟ್ಯೂಬು ತುಂಬಿದ ಮೂರು ಮೂಟೆ ಹಿಂದಿನ ಸೀಟಿಗೆ ಹೇರಿ, ಮಡ್‌ಗಾರ್ಡಿನ ಸಂದಿಯಲ್ಲಿ ಉಮಾ ಎರಡು ಬೆರಳು ತೂರಿಸುತ್ತಿದ್ದಳು. ಬೆರಳು ಹೋದರೆ ಸೈ. ಹೋಗದಿದ್ದರೆ ಟೈರು ಬಿಚ್ಚು.

“ಬೇಡ,” ಎಂದಳು.

ಯಲ್ಲಯ್ಯ ಅವಳನ್ನೇ ನೋಡಿದ. “ಮೂಟೆ ಬ್ಯಾಡ್ವಾ?”

“ಇಬ್ರೇ ಅಂತೆ ಕಣೋ. ಮೇಷ್ಟ್ರು ಹೇಳ್ತಾ ಇದಾರಲ್ಲ. ಇಬ್ಬರಿಗೆ ಇದು ಸರಿಹೋಗುತ್ತೆ.”

ಯೋಗನರಸಿಂಹ ಕಾರು ಹತ್ತಿದ. ಹೊರಡುವ ಮುನ್ನ ಕಿಟಕಿಯಿಂದ ಏನೋ ಹೇಳಲು ಬಾಯಿ ತೆರೆದ. ಅವಳು ಆಗಲೇ ಬೆನ್ನು ತಿರುಗಿಸಿ ಕೈ ತೊಳೆಯುತ್ತಿದ್ದಳು. ಸೋಪು ಹಾಕಿ, ತಿಕ್ಕಿ, ಮತ್ತೆ ಸೋಪು ಹಾಕಿ, ಕೈ ಕೆಂಪಾಗುವವರೆಗೆ ತೊಳೆದಳು.

ಸೋಮವಾರ ಮಧ್ಯಾಹ್ನ ಲಾರಿಯೊಂದು ಹೆರಾಲ್ಡನ್ನು ಎಳೆದುಕೊಂಡು ಬಂದು ಅಂಗಡಿಯ ಮುಂದೆ ಬಿಟ್ಟಿತು. ಅದರ ಹಿಂದೆಯೇ ಯೋಗನರಸಿಂಹನ ಸೋದರಮಾವ ಶ್ರೀಕಂಠಯ್ಯ ಬಂದರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅಂಗಡಿಯ ಬೆಂಚಿನ ಮೇಲೂ ಕಚೇರಿಯ ಕುರ್ಚಿಯಲ್ಲಿ ಕೂತಂತೆಯೇ ಕೂತರು. ಅವರ ಹಿಂದೆ ಯೋಗನರಸಿಂಹ ನಿಂತ.

“ನೋಡಿ ಮಹಾಲಿಂಗಯ್ಯನವ್ರೇ,” ಎಂದರು ಶ್ರೀಕಂಠಯ್ಯ, ಉಮಾಳ ಅಪ್ಪನಿಗೆ. “ಹೆಬ್ಬೂರು ದಾಟಿದ್ದೇ ತಡ, ಹಿಂದಿನ ಚಕ್ರ ಕೊರ್ ಅಂತ ಉಜ್ಜೋಕೆ ಶುರುವಾಯ್ತು. ರಬ್ಬರ್ ವಾಸನೆ, ಹೊಗೆ. ಅಲಮೇಲು ಕಿರುಚಿಕೊಂಡು ಇಳಿದಳು. ಇಳಿದ್ರೆ ಉಜ್ಜಲ್ಲ, ಹತ್ತಿದ್ರೆ ಉಜ್ಜುತ್ತೆ. ಕೊನೆಗೆ ಟೈರ್ ಪಟ್ಟಂತ ಹೋಯ್ತು. ಹುಣಿಸೆ ಮರದ ಕೆಳಗೆ ಕೂತ್ಕೊಂಡೇ ರಾಹುಕಾಲ ಬಂತು. ಅಲ್ಲಿ ಹೆಣ್ಣಿನ ಮನೆಯವ್ರು ಕೇಸರಿಬಾತ್ ಇಟ್ಕೊಂಡು ಕಾದಿದಾರೆ. ಈಗ ಅಪಶಕುನ ಅಂತಿದಾರೆ. ಬರೀ ಟೈರಿನ ತಪ್ಪು ಅಂತ ಗೊತ್ತಾದ್ರೆ ಗುರುವಾರ ಬನ್ನಿ ಅಂದಿದಾರೆ. ಆ ಸೈಜು ಹೇಳಿದ್ದು ಯಾರು?”

ಮಹಾಲಿಂಗಯ್ಯ ಮಗಳಿದ್ದ ಹಿಂದಿನ ಕೊಟ್ಟಿಗೆಯ ಕಡೆ ಮುಖ ತಿರುಗಿಸಿದರು. ಅವರ ಕಣ್ಣು ಮಂಜಾಗಿ ನಾಲ್ಕು ವರ್ಷವಾಗಿತ್ತು. ಅಂದಿನಿಂದ ಟೈರಿನ ಪಕ್ಕದ ಅಂಕಿ ಓದುವವಳು, ಸೈಜು ನಿರ್ಧರಿಸುವವಳು ಮಗಳೇ. ಬೆಳ್ಳಾವಿಯಲ್ಲಿದ್ದ ಅವರ ಅಣ್ಣಂದಿರು ಇದಕ್ಕೆ ಒಪ್ಪಿರಲಿಲ್ಲ. ಹೆಣ್ಣುಹುಡುಗಿ ಒಂದೇ ಒಂದು ತಪ್ಪು ಮಾಡಿದ ದಿನ ಅಂಗಡಿಯನ್ನು ತಮ್ಮ ಮನೆಯ ಹುಡುಗನಿಗೆ ಬಿಡಬೇಕು, ಅವಳು ಮನೆ ಸೇರಬೇಕು ಎಂದು ಎಲ್ಲರೆದುರು ಮಾತು ತೆಗೆದುಕೊಂಡಿದ್ದರು. ಆ ಮಾತು ಉಮಾಳಿಗೂ ಗೊತ್ತಿತ್ತು. ಶನಿವಾರ ಮೂಟೆ ಬೇಡ ಎಂದಾಗಲೂ ಗೊತ್ತಿತ್ತು.

ಅವಳು ಹಿಂದಿನ ಕೊಟ್ಟಿಗೆಯಲ್ಲಿ ಹರಿದ ಟೈರನ್ನು ರಿಮ್ಮಿನಿಂದ ಬಿಚ್ಚುತ್ತಿದ್ದಳು. ಒಳಭುಜ ಪೂರ್ತಿ ಸವೆದು ದಾರ ಕಾಣುತ್ತಿತ್ತು. ಕಬ್ಬಿಣದ ಸರಳಿನ ಮೇಲೆ ಮೈಭಾರವೆಲ್ಲ ಬಿಟ್ಟು ಒತ್ತಿದಳು. ಹಿಂದೆ ಹೆಜ್ಜೆ ಸಪ್ಪಳವಾಯಿತು.

“ಉಮಾ ಅವ್ರೇ.”

“ದೇವರ ದರ್ಶನ ಆಯ್ತಾ?”

ಅವನು ತಲೆ ತಗ್ಗಿಸಿದ. ಎರಡು ದಿನದ ಗಡ್ಡ ಬೆಳೆದಿತ್ತು, ಕನ್ನಡಕದ ಒಂದು ಕಾಲು ಓರೆಯಾಗಿತ್ತು. ಅದನ್ನು ಸರಿಮಾಡಬೇಕೆಂದು ತನ್ನ ಕೈ ತವಕಿಸಿದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

“ಹೇಳೋಕೆ ಧೈರ್ಯ ಬರ್ಲಿಲ್ಲ,” ಎಂದ.

“ಸುಳ್ಳು ಹೇಳೋಕೆ ಬಂತಲ್ಲ.”

“ಹೆಣ್ಣು ನೋಡೋಕೆ ಹೋಗ್ತೀನಿ ಅಂತ ನಿಮ್ಮ ಮುಂದೆ ಹೆಂಗೆ ಹೇಳ್ಲಿ?”

“ಯಾಕೆ, ನಾನ್ಯಾರು? ಟೈರ್ ಅಂಗಡಿಯವಳು. ಊರಿಗೆಲ್ಲ ಹೇಳ್ತೀರಿ, ನಮ್ಮ ಯಲ್ಲಯ್ಯಂಗೂ ಗೊತ್ತು, ನನಗ್ಯಾಕೆ ಹೇಳಕ್ಕಾಗಲ್ಲ?”

ಅವನು ತಲೆಯೆತ್ತಿದ. ಆಮೇಲೆ ಮೆಲ್ಲಗೆ, “ಯಲ್ಲಯ್ಯಂಗೆ ಗೊತ್ತಾ?” ಎಂದ. ಮತ್ತೂ ಮೆಲ್ಲಗೆ, “ನಿಮಗೆ ಯಾವಾಗ ಗೊತ್ತಾಯ್ತು?”

ಉಮಾ ಸರಳನ್ನು ಕೆಳಗೆ ಹಾಕಿದಳು. ಅದು ಠಣ್ಣೆಂದಿತು.

“ನಿಮ್ಮತ್ತೆ ಶನಿವಾರ ಬೆಳಿಗ್ಗೆಯೇ ಬಂದು ಹೇಳಿದ್ರು. ಐದು ಜನ ಅಂತ.”

ಅವನು ಟೈರನ್ನು ನೋಡಿದ. ಮೂಲೆಯಲ್ಲಿ ಒಂದರ ಮೇಲೊಂದು ಇಟ್ಟಿದ್ದ ಮೂರು ಮೂಟೆಗಳನ್ನು ನೋಡಿದ. ಫಿಸಿಕ್ಸ್ ಮೇಷ್ಟ್ರಿಗೆ ಈ ಲೆಕ್ಕ ಮಾಡಲು ಬಹಳ ಹೊತ್ತು ಬೇಕಾಗಲಿಲ್ಲ. ಅವನ ಮುಖದಲ್ಲಿ ಕೋಪ ಬರುತ್ತದೆಂದು ಕಾದಳು. ಕೋಪ ಬಂದಿದ್ದರೆ ಎಷ್ಟು ಸುಲಭವಾಗಿತ್ತು.

“ರಬ್ಬರ್ ಸುಟ್ಟ ವಾಸನೆ ಬಂದಾಗ,” ಎಂದ ಅವನು, “ಮಾವ ಬೈತಾ ಇದ್ರು, ಅಮ್ಮ ಅಳ್ತಾ ಇದ್ರು. ನನಗೆ ಒಳಗೊಳಗೇ ಎಷ್ಟು ಖುಷಿಯಾಯ್ತು ಗೊತ್ತಾ? ಮರದ ಕೆಳಗೆ ಕೂತು ಗಡಿಯಾರ ನೋಡ್ತಾ, ಬೇಗ ರಾಹುಕಾಲ ಬರ್ಲಿ ಅಂತ ಕಾದೆ.”

ಅವಳಿಗೂ ಒಳಗೊಳಗೇ ಖುಷಿಯಾಯಿತು. ಅದಕ್ಕೂ ಸಿಟ್ಟು ಬಂತು. “ಅದನ್ನ ಆ ಮರದ ಕೆಳಗೇ ಅವರಿಗೆ ಹೇಳ್ಬೇಕಿತ್ತು. ಇಲ್ಲಿ ಬಂದು ಕೊಟ್ಟಿಗೇಲಿ ನನಗೆ ಪಿಸುಗುಟ್ಟೋದಲ್ಲ.”

“ಹೇಳ್ತೀನಿ. ಸ್ವಲ್ಪ ಟೈಮ್ ಕೊಡಿ. ಈಗ ಮೊದಲು ಇದು ಮುಗೀಲಿ.” ಒಂದು ಹೆಜ್ಜೆ ಹತ್ತಿರ ಬಂದ. “ಸೈಜು ನಾನೇ ಹಟ ಮಾಡಿ ಹಾಕಿಸ್ಕೊಂಡೆ, ನೀವು ಬೇಡ ಅಂದಿದ್ರಿ ಅಂತ ಹೇಳ್ಬಿಡ್ತೀನಿ. ನಿಮ್ಮ ಅಂಗಡಿ ಉಳಿಯುತ್ತೆ. ಗೊತ್ತಿದ್ದೇ ಹಾಕಿದ್ದು ಅಂದ್ರೆ ಊರಲ್ಲಿ ಏನಂತಾರೆ ಯೋಚ್ನೆ ಮಾಡಿ.”

“ಏನಂತಾರೆ?”

“ಬಿಡಿ.”

“ಇಲ್ಲ, ಹೇಳಿ. ಏನಂತಾರೆ?”

“ಟೈರ್ ಅಂಗಡಿ ಹುಡುಗಿಗೆ ಮೇಷ್ಟ್ರ ಮೇಲೆ ಮನಸ್ಸಿತ್ತು, ಅದಕ್ಕೆ ಹೋಗದಂಗೆ ಮಾಡಿದ್ಲು ಅಂತಾರೆ.”

“ಅದು ಸುಳ್ಳಾ?”

ಕೊಟ್ಟಿಗೆಯಲ್ಲಿ ರಬ್ಬರಿನ ಬಿಸಿ ವಾಸನೆ ತುಂಬಿತ್ತು. ಅವನು ಅವಳನ್ನು ನೋಡಿದ. ಎಂಟು ತಿಂಗಳಲ್ಲಿ ಮೊದಲ ಸಲ, ಕನ್ನಡಕದ ಮೇಲಿಂದಲ್ಲ, ಓರೆಗಣ್ಣಿನಿಂದಲ್ಲ, ನೇರವಾಗಿ. ಅವನ ಕಣ್ಣು ತುಂಬಿ ಬಂತು. ಉಮಾ ಆ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ. ತೆಗೆದರೆ ಅವನು ಮತ್ತೆ ಕನ್ನಡಕ ಒರೆಸಲು ಶುರುಮಾಡುತ್ತಾನೆಂದು ಅವಳಿಗೆ ಗೊತ್ತಿತ್ತು.

“ಉಮಾ,” ಎಂದು ಮುಂದಿನಿಂದ ಅಪ್ಪನ ದನಿ ಬಂತು. “ಇಲ್ಲಿ ಬಾ ತಾಯಿ.”

ಇಬ್ಬರೂ ಮುಂದಕ್ಕೆ ಬಂದರು. ಅವಳು ಬಾಯಿ ತೆರೆಯುವ ಮೊದಲೇ ಯೋಗನರಸಿಂಹ ಅವಸರದಿಂದ ಹೇಳಿಬಿಟ್ಟ: “ಮಾವ, ಅವ್ರದೇನೂ ತಪ್ಪಿಲ್ಲ. ನಾನೇ ಹಟ ಮಾಡಿದ್ದು. ಅವ್ರು ಬೇಡ ಅಂದ್ರೂ ನಾನೇ ಹಾಕಿಸ್ಕೊಂಡೆ.”

ಶ್ರೀಕಂಠಯ್ಯ ಸೋದರಳಿಯನನ್ನು ಒಂದು ಗಳಿಗೆ ದುರುಗುಟ್ಟಿ ನೋಡಿದರು. ಆಮೇಲೆ ಉಸಿರು ಬಿಟ್ಟು ಬೆಂಚಿಗೆ ಒರಗಿದರು. ಅವರಿಗೂ ಇದೇ ಅನುಕೂಲವಾಗಿತ್ತು. ಹುಡುಗನ ಅವಿವೇಕವೆಂದರೆ ಅಪಶಕುನವಲ್ಲ.

“ಓದಿದ ದಡ್ಡ,” ಎಂದರು. “ಸರಿ, ಮುಗೀತು. ಗುರುವಾರ ಬಸ್ಸಲ್ಲೇ ಹೋಗೋಣ. ಏನಮ್ಮ, ಇವನು ಹೇಳಿದ್ದು ನಿಜ ತಾನೇ? ಒಂದ್ಸಲ ಹೂಂ ಅಂದ್ಬಿಡು. ನಿಮ್ಮ ಅಂಗಡಿ ಹೆಸರಿಗೆ ನಾನು ಒಂದು ಚುಕ್ಕೆ ಬೀಳೋಕೆ ಬಿಡಲ್ಲ. ಬೆಳ್ಳಾವಿಯೋರಿಗೂ ನಾನೇ ಹೇಳ್ತೀನಿ.”

“ಅನ್ನು ತಾಯಿ,” ಎಂದರು ಮಹಾಲಿಂಗಯ್ಯ. ಅವರ ಮಂಜು ಕಣ್ಣು ಮಗಳು ನಿಂತ ಕಡೆಗೆ ಅಂದಾಜಿನಲ್ಲಿ ತಿರುಗಿತ್ತು. ಅವರ ಕೈ ಮೇಜಿನ ಮೇಲಿದ್ದ ಅಂಗಡಿಯ ಕೀಲಿಯನ್ನು ತಡವಿ ಹಿಡಿದುಕೊಂಡಿತ್ತು. ಯಲ್ಲಯ್ಯ ಪಂಪಿನ ಹಿಡಿ ಹಿಡಿದು ನಿಂತುಬಿಟ್ಟಿದ್ದ. ರಸ್ತೆಯಲ್ಲಿ ಗುಬ್ಬಿಯ ಬಸ್ಸು ಹಾರ್ನ್ ಮಾಡುತ್ತ ಹೋಯಿತು.

ಯೋಗನರಸಿಂಹ ಅವಳ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದ. ಅನ್ನಿ, ಎನ್ನುವಂತೆ.

ಒಂದು ಹೂಂ. ಅಷ್ಟಕ್ಕೆ ಅಂಗಡಿ ಉಳಿಯುತ್ತದೆ, ಕೀಲಿ ಅಪ್ಪನ ಕೈಯಲ್ಲೇ ಇರುತ್ತದೆ, ಗುರುವಾರ ಬಸ್ಸು ಕುಣಿಗಲ್ಲಿಗೆ ಹೋಗುತ್ತದೆ. ಅವನು ಇನ್ನೂ ಸ್ವಲ್ಪ ಟೈಮ್ ಕೊಡಿ ಎನ್ನುತ್ತಲೇ ಇರುತ್ತಾನೆ.

“ಅನ್ನಲ್ಲ,” ಎಂದಳು ಉಮಾ. “ಅವ್ರ ಒಂದು ಸುಳ್ಳಿಗೆ ಟೈರ್ ಹಾಕ್ಕೊಟ್ಟಿದೀನಿ. ಇನ್ನೊಂದಕ್ಕೆ ಹಾಕಲ್ಲ. ಐದು ಜನ ಅಂತ ನನಗೆ ಗೊತ್ತಿತ್ತು. ಯಾಕೆ ಹಾಕಿದೆ ಅನ್ನೋದು ಅವ್ರಿಗೆ ಗೊತ್ತು. ಅವ್ರನ್ನೇ ಕೇಳಿ. ನಾನು ಹೂಂ ಅನ್ನಲ್ಲ.”