ಉಪ್ಪಾದ ಕೆರೆ

ಎಪ್ಪತ್ತೊಂಬತ್ತರ ಕಾರ್ತಿಕ ಮಾಸ. ಹಿಂಗಾರು ಮಳೆಗೆ ಆವನಿ ಪಕ್ಕದ ನಮ್ಮೂರ ಕೆರೆ ತುಂಬಿತ್ತು. ನಾನೂ ನಮ್ಮ ಭಾವ ಆಂಜಿನಪ್ಪನವರೂ ಮೂರು ದಿನದಿಂದ ಹರಕು ಬಲೆ ಬಿಟ್ಟು ಬಿಟ್ಟು ತೋಳು ಸೋತಿದ್ದೆವು. ಒಂದು ಮೀನೂ ಸಿಕ್ಕಿರಲಿಲ್ಲ. ಭಾವ ಹಿಂದೆ ಮದರಾಸಿನ ಕಡೆ ಕಡಲಿನ ದೋಣಿಯಲ್ಲಿ ಕೂಲಿಗಿದ್ದವರು. ಜೊತೆಗೆ ಹೋಗಿದ್ದ ಅವರ ತಮ್ಮ ಅಲ್ಲಿಯೇ ನೀರುಪಾಲಾದ. ಹೆಣ ಸಿಗಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಗಾಳಿಯೇ ಇರಲಿಲ್ಲ. ಆದರೂ ದಡದ ನೀರು ಎರಡು ಮಾರು ಹಿಂದೆ ಸರಿದು, ಸ್ವಲ್ಪ ಹೊತ್ತಿಗೆ ಮತ್ತೆ ಬಂದು ನಮ್ಮ ಕಾಲು ಮುಚ್ಚಿತು. ಬೆಳಿಗ್ಗೆ ಕೊರೆಯುತ್ತಿದ್ದ ನೀರು ಈಗ ಬೆಚ್ಚಗಿತ್ತು. ಮುಖ ತೊಳೆದುಕೊಂಡರೆ ತುಟಿಗೆ ಉಪ್ಪು ಹತ್ತಿತು.

"ಭಾವ, ನೀರು ಉಪ್ಪಗೈತೆ," ಅಂದೆ.

"ಗೊತ್ತು ಕಣೋ. ಕಡಲಲ್ಲಿ ಆಗೋ ಹಂಗೆ ಉಬ್ಬರ ಶುರುವಾಯ್ತು. ಈಗ ಬಲೆ ಬಿಟ್ರೆ ಸಿಗ್ತಾನೆ."

ಯಾರು ಎಂದು ನಾನು ಕೇಳುವ ಮೊದಲೇ ಅವರು ಬಲೆ ಹಿಡಿದು ನಡೆದೇಬಿಟ್ಟರು. ನೀರು ಎದೆಮಟ್ಟಕ್ಕೆ ಬಂದಾಗ ನಾನು ಹಿಂದಿನಿಂದ ಹೋಗಿ ತೋಳು ಹಿಡಿದು ಎಳೆದೆ. ನೀರಿನೊಳಗೆ ಆ ಕಡೆಯಿಂದ ಯಾರೋ ಬಲೆ ಎಳೆಯುತ್ತಿದ್ದರು, ಆತುರವಿಲ್ಲದೆ, ಕೆಲಸ ಬಲ್ಲವರ ಹಾಗೆ.

"ಬಿಡು ಭಾವ, ಮನೇಲಿ ಅಕ್ಕ ಕಾಯ್ತಾವ್ಳೆ."

ಆಗ ಕೈ ಸಡಿಲಿಸಿದರು. ಬಲೆ ಒಳಗೆ ಹೋಯಿತು. "ಸಾಕಾಗೋಯ್ತು ಕಣೋ," ಎಂದು ದಡದಲ್ಲಿ ಕುಸಿದು ಕೂತರು.

ಭಾವ ಜ್ವರ ಬಂದು ಮಲಗಿದ್ದರಿಂದ ಮಾರನೆಯ ದಿನ ಒಬ್ಬನೇ ಹೋದೆ. ನೀರು ಎಂದಿನಂತೆ ಸಿಹಿಯಾಗಿತ್ತು. ನಿನ್ನೆ ನೀರೊಳಗೆ ಹೋದ ಬಲೆಯನ್ನು ಯಾರೋ ದಡದ ಕಲ್ಲಿನ ಮೇಲೆ ಮಡಿಸಿಟ್ಟಿದ್ದರು. ಅದು ಹರಿದಿದ್ದ ಕಡೆಯೆಲ್ಲ ಹೊಸ ದಾರದಲ್ಲಿ ಅಚ್ಚುಕಟ್ಟಾಗಿ ಹೆಣೆದಿದ್ದರು.